ಪಂಪ್‌ಹೌಸಿನಿಂದ ಕೌಬಾಯ್ ಸಮಾಚಾರ

ಮಾದೇವ,

ನೀನು ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಸದ್ಯಕ್ಕೆ ನನ್ನಲ್ಲಿರುವ ಧೈರ್ಯ ಅದೊಂದೇ. ಈಗ ತಾನೇ ನಿಡಘಟ್ಟದ ಕಬ್ಬಿನ ಗದ್ದೆಯಲ್ಲಿ ಚಿರತೆಯೊಂದು ಎದ್ದು ನನ್ನ ಮುಖ ನೋಡಿತು. ಓಡಿಬಂದು ಪಂಪ್‌ಹೌಸ್ ಸೇರಿದ್ದೇನೆ. ಬಾಗಿಲಿಗೆ ಚಿಲಕವಿಲ್ಲ, ಬೆನ್ನು ಕೊಟ್ಟು ಕೂತಿದ್ದೇನೆ.

"ಆಚ್ಗೆ ಬರ್ಬ್ಯಾಡ ಕಣ್ಲಾ, ಇನ್ನೂ ಅಲ್ಲೇ ಅದೆ!" ಎಂದು ಪಕ್ಕದ ಗದ್ದೆಯ ತಿಮ್ಮಯ್ಯ ಟ್ರ್ಯಾಕ್ಟರ್ ಮೇಲಿಂದ ಕೂಗುತ್ತಲೇ ಇದ್ದಾನೆ.

ಹೆದರಿಕೆ ಮರೆಯಲು ಮೊಬೈಲಿನಲ್ಲಿ, ಮದ್ದೂರಿನ ರದ್ದಿ ಅಂಗಡಿಯಲ್ಲಿ ನಮಗೆ ಸಿಗುತ್ತಿದ್ದ ಆ ಇಟಲಿಯ ಕೌಬಾಯ್ ಕಾಮಿಕ್ಸಿನ ಚರಿತ್ರೆ ಓದಿದೆ. ಮಹಾಯುದ್ಧ ಮುಗಿದ ಹೊಸದರಲ್ಲಿ ಅದು ಪುಟಕ್ಕೆ ಒಂದೇ ಸಾಲು ಚಿತ್ರವಿದ್ದ, ಬರೀ ಪಟ್ಟಿಯಂಥ ಪುಸ್ತಕವಾಗಿತ್ತಂತೆ. ಶುರು ಮಾಡಿದವರು ಸತ್ತರೂ ಬೇರೆಯವರು ಬರೆಯುತ್ತಿದ್ದಾರೆ. ಎಪ್ಪತ್ತು ವರ್ಷ ದಾಟಿದರೂ ಆ ಕೌಬಾಯ್ ಸತ್ತಿಲ್ಲ. ಅವನ ಕೈಯಲ್ಲಿ ಕೋವಿ, ನನ್ನ ಪಕ್ಕದಲ್ಲಿ ಬಾವಿ.

ಗುಂಡು ಹಾರುವ ಪುಟ ಬಂದರೆ ನಾನು ಕಣ್ಣು ಮುಚ್ಚುತ್ತಿದ್ದೆ. ನೀನು ಹಾಳೆ ತಿರುವಿ, "ಎದ್ರುಕೋಬ್ಯಾಡ, ಮುಂದಿನ್ ಪುಟ್ದಲ್ಲೂ ಅವ್ನೆ ಕಣ್ಲಾ" ಎನ್ನುತ್ತಿದ್ದೆ.

ಹೋದ ವರ್ಷ ಆಸ್ಪತ್ರೆಯಲ್ಲಿ, ನಿನ್ನ ಕೊನೆಯ ದಿನ, ನೀನು ಹೆದರಿ ನನ್ನ ಕೈ ಹಿಡಿದೆ. ನಾನು ಕ್ರಿಕೆಟ್ ಸ್ಕೋರು ಹೇಳುತ್ತ ಕೂತೆ.

ತಿಮ್ಮಯ್ಯನ ಕೂಗು ನಿಂತಿದೆ. ಬಾಗಿಲ ಆಚೆ ಏನೋ ಕೆರೆಯುತ್ತಿದೆ.

ಹಾಳೆ ತಿರುವೋ, ಮಾದೇವ.