ಉಸಿರು ಕಲಿಸುವ ಅಪ್ಪನಿಗೆ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಎದೆನೋವು ಮತ್ತೆ ಕಾಣಿಸಿಕೊಂಡಿಲ್ಲ ತಾನೆ? ರಕ್ತದೊತ್ತಡದ ಮಾತ್ರೆ ಬಿಟ್ಟು ವರ್ಷಗಳೇ ಆದವು ಎಂದು ನೀವು ಎಲ್ಲರ ಮುಂದೆ ಹೇಳಿದಿರಿ, ಕೇಳಿ ಸಮಾಧಾನವಾಯಿತು. ಆದರೆ ನೆಲದಿಂದ ಏಳುವಾಗ ಗೋಡೆ ಹಿಡಿದುಕೊಂಡದ್ದನ್ನು ನೋಡಿದೆ. ಮಂಡಿಗೆ ಏನಾದರೂ ಹಚ್ಚಿಕೊಳ್ಳುತ್ತಿದ್ದೀರಾ? ನಾವಿಲ್ಲಿ ಚೆನ್ನಾಗಿದ್ದೇವೆ. 'ಪ್ರೀತಿಯ' ಎಂದು ಬರೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಪ್ಪನಿಗೆ ಬರೆಯುವ ಪತ್ರವನ್ನು ಬೇರೆ ಹೇಗೆ ಶುರು ಮಾಡಬೇಕೆಂದು ನಮಗೆ ಶಾಲೆಯಲ್ಲಿ ಕಲಿಸಿರಲಿಲ್ಲ. ನೀವು ಮನೆ ಬಿಟ್ಟಾಗ ನಾನು ಹತ್ತನೇ ತರಗತಿ, ತಮ್ಮ ಆರನೆಯದು. ಈಗ ನನಗೆ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಇದನ್ನು ಹೇಳಿದ್ದು ಚುಚ್ಚುವುದಕ್ಕಲ್ಲ. ಹತ್ತು ದಿನದ ಹಿಂದೆ ನೀವು ನನ್ನ ಗುರುತು ಹಿಡಿಯಲಿಲ್ಲವಲ್ಲ, ಅದಕ್ಕೆ ನಿಮಗೊಂದು ಸಬೂಬು ಇರಲಿ ಎಂದು ಹೇಳಿದೆ. ಹೌದು, ವಿದ್ಯುತ್ ಕಚೇರಿಯಲ್ಲಿ ನೀವು ನಡೆಸಿದ ತರಗತಿಯಲ್ಲಿ ಬಾಗಿಲ ಪಕ್ಕದ ಕೊನೆಯ ಚಾಪೆಯ ಮೇಲೆ ಮಲಗಿದ್ದವಳು ನಾನೇ.

ನಾನು ಆ ಕಚೇರಿಯಲ್ಲಿ ದೂರು ಕೇಳುವ ವಿಭಾಗದಲ್ಲಿದ್ದೇನೆ. ಯಾರದೋ ಬೀದಿಯಲ್ಲಿ ಕರೆಂಟು ಹೋದರೆ ಅವರು ಮೊದಲು ಬೈಯುವುದು ನನ್ನನ್ನು. ಕಿವಿಗೆ ಫೋನು ಸಿಕ್ಕಿಸಿಕೊಂಡು ಕುಳಿತರೆ ಊಟದ ಬಿಡುವಿನವರೆಗೆ ಬರೀ ಬೈಗುಳ. ಫ್ರಿಜ್ಜಿನಲ್ಲಿಟ್ಟ ಔಷಧಿ ಕೆಟ್ಟಿತು ಎನ್ನುವವರು, ಲಿಫ್ಟಿನಲ್ಲಿ ಅತ್ತೆ ಸಿಕ್ಕಿಕೊಂಡಿದ್ದಾರೆ ಎನ್ನುವವರು, ಅತ್ತೆಯನ್ನು ಬಿಡಿಸಲು ಅಷ್ಟೇನೂ ಅವಸರವಿಲ್ಲ ಎಂದು ದನಿಯಲ್ಲೇ ಗೊತ್ತಾಗುವವರು. ನಾವು ಮಾತ್ರ 'ಕ್ಷಮಿಸಿ, ನಿಮ್ಮ ತೊಂದರೆ ಅರ್ಥವಾಗುತ್ತದೆ' ಎನ್ನುತ್ತಲೇ ಇರಬೇಕು. ಹೋದ ವರ್ಷ ಹಲ್ಲಿನ ಡಾಕ್ಟರು ನನ್ನ ಬಾಯಿ ನೋಡಿ, "ಇಷ್ಟು ಸವೆದಿದೆಯಲ್ಲ, ರಾತ್ರಿಯೆಲ್ಲ ಹಲ್ಲು ಕಡೀತೀರಾ?" ಎಂದರು. ಹಲ್ಲು ಕಚ್ಚಿಕೊಂಡು ಸಹಿಸಿಕೋ ಎಂದು ಅಮ್ಮ ಹೇಳುತ್ತಿದ್ದುದನ್ನು ನಾನು ಅಕ್ಷರಶಃ ಪಾಲಿಸಿಬಿಟ್ಟಿದ್ದೆ. ಆಮೇಲೆ ಪಕ್ಕದ ಸೀಟಿನವಳು ಕೆಲಸದ ನಡುವೆಯೇ ಫೋನು ಕಿತ್ತೆಸೆದು, ಮೇಜಿನ ಕೆಳಗೆ ಕುಳಿತು ಅತ್ತಳು, ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಅವಳ ಜಾಗಕ್ಕೆ ಇನ್ನೊಬ್ಬರನ್ನು ಹಾಕಿಕೊಡಿ ಎಂದು ಕೇಳಿದೆವು. ಮೇಲಧಿಕಾರಿಗಳು ಅದರ ಬದಲು ಒತ್ತಡ ನಿವಾರಣೆಗೆ ಮೂರು ದಿನದ ತರಗತಿ ಕೊಟ್ಟರು.

ಮೊದಲ ದಿನ ಒಬ್ಬ ಗ್ರಾಹಕರು ಫೋನು ಇಡದೇ ಹೋದದ್ದರಿಂದ ನನಗೆ ತಡವಾಯಿತು. ಸಭಾಂಗಣಕ್ಕೆ ಬರುವಷ್ಟರಲ್ಲಿ ಪರದೆ ಎಳೆದಿದ್ದರು, ಎಲ್ಲರೂ ಕಣ್ಣು ಮುಚ್ಚಿ ಮಲಗಿದ್ದರು. ತರಗತಿಯ ಬಗ್ಗೆ ಕಚೇರಿ ಕೊಟ್ಟ ಸೂಚನೆಯಲ್ಲಿದ್ದದ್ದು ನೀವು ಈಗ ಇಟ್ಟುಕೊಂಡಿರುವ ಹೆಸರು, ಹಾಗಾಗಿ ನನಗೆ ಯಾವ ಅನುಮಾನವೂ ಇರಲಿಲ್ಲ. ಚಪ್ಪಲಿ ಬಿಟ್ಟು ಸದ್ದಿಲ್ಲದೆ ಮಲಗಿ ಕಣ್ಣು ಮುಚ್ಚಿದೆ. ಆಗ ನಿಮ್ಮ ದನಿ ಕೇಳಿಸಿತು. "ಮುಷ್ಟಿ ಬಿಗಿಹಿಡೀರಿ. ಇನ್ನೂ ಬಿಗಿ. ಈಗ ಮೆಲ್ಲಗೆ ಬಿಡಿ. ಏನೂ ಅವಸರ ಇಲ್ಲ." ಬೆಣ್ಣೆ ಸವರಿದಂತಿತ್ತು ಮಾತು. ಆದರೆ 'ಅವಸರ' ಎನ್ನುವಾಗ ಆ 'ಸ' ಹಲ್ಲಿನ ಸಂದಿಯಿಂದ ಸೀಟಿಯಂತೆ ಬರುತ್ತದಲ್ಲ, ಅದು ಹಾಗೇ ಇದೆ. ಕಣ್ಣು ಬಿಟ್ಟರೆ ಬಿಳಿ ಗಡ್ಡದ, ಸಣ್ಣಗಾದ, ಶಾಂತ ಮುಖದ ಒಬ್ಬ ಮುದುಕರು ಚಾಪೆಗಳ ನಡುವೆ ಬರಿಗಾಲಲ್ಲಿ ನಡೆಯುತ್ತಿದ್ದರು. ಅಷ್ಟು ಮೆಲ್ಲಗೆ ನೀವು ನಡೆದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ನಮ್ಮ ಮನೆಯಲ್ಲಿ ನಿಮ್ಮ ಸ್ಕೂಟರಿನ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಅಮ್ಮ ರೇಡಿಯೋ ಆರಿಸುತ್ತಿದ್ದಳು, ತಮ್ಮ ಪುಸ್ತಕ ತೆಗೆದುಕೊಂಡು ಬಾಗಿಲ ಹಿಂದೆ ಸೇರುತ್ತಿದ್ದ. ಚಹಾ ಆರಿದ್ದರೆ ಲೋಟ ಗೋಡೆಗೆ, ಬಿಸಿ ಹೆಚ್ಚಾದರೆ ನೆಲಕ್ಕೆ. ಮುದ್ರಣಾಲಯದಲ್ಲಿ ಮೇಲ್ವಿಚಾರಕನ ಕೆಲಸ ಸುಲಭದ್ದಲ್ಲ, ಅದನ್ನು ಈಗ ನಾನು ಬಲ್ಲೆ. ಯಂತ್ರದ ಗದ್ದಲ, ಒಂದು ಅಕ್ಷರ ತಪ್ಪಿದರೆ ಮಾಲೀಕರ ಬಾಯಿ, ಇವೆಲ್ಲವನ್ನೂ ಹೊತ್ತು ಮನೆಗೆ ಬರುತ್ತಿದ್ದಿರಿ. ನಾನೂ ಹೊತ್ತು ಬರುತ್ತೇನೆ ಅಪ್ಪಾ. ಆದರೆ ಅದನ್ನು ಇಳಿಸಲು ನನಗೆ ಹೆಂಡತಿ ಮಕ್ಕಳಿಲ್ಲ. ಕಡೆಗೆ ನಿಮ್ಮ ಎದೆ ಹಿಡಿದುಕೊಂಡಿತು, ಡಾಕ್ಟರು ವಿಶ್ರಾಂತಿ ಕೇಂದ್ರಕ್ಕೆ ಹೋಗಿ ಸ್ವಲ್ಪ ದಿನ ಇದ್ದು ಬನ್ನಿ ಎಂದರು. ಅಮ್ಮ ಚೀಲ ತುಂಬಿದಳು, ಒಳಗೆ ಉಣ್ಣೆಯ ಕಾಲುಚೀಲ ಇಟ್ಟಳು. ನೀವು ಇದ್ದಿರಿ, ಬರಲಿಲ್ಲ. ಮುದ್ರಣಾಲಯದ ಗೆಳೆಯರ ಬಾಯಲ್ಲಿ ಹೇಳಿಕಳಿಸಿದಿರಿ: "ಇಲ್ಲಿ ಉಸಿರಾಡ್ತಾ ಇದೀನಿ. ಅಲ್ಲಿಗೆ ಬಂದ್ರೆ ಸತ್ತೇಹೋಗ್ತೀನಿ."

ತರಗತಿಯಲ್ಲಿ ನೀವು ಅದೇ ಕಥೆಯನ್ನು ಬೇರೆ ಥರ ಹೇಳಿದಿರಿ. ಉಸಿರು ಕಟ್ಟಿಸುವ ಮನೆಯೊಂದರಲ್ಲಿ ಒಬ್ಬ ಮನುಷ್ಯ ಇದ್ದನಂತೆ. ಹೊರೆಯೆಲ್ಲ ಅವನ ಹೆಗಲ ಮೇಲೆ, ಅವನನ್ನು ಅರ್ಥ ಮಾಡಿಕೊಳ್ಳುವವರು ಯಾರೂ ಇಲ್ಲ. ಒಂದು ದಿನ ಧೈರ್ಯ ಮಾಡಿ ಹೊರಗೆ ಬಂದನಂತೆ. ನನ್ನ ಸಹೋದ್ಯೋಗಿಗಳು ಕಣ್ಣೊರೆಸಿಕೊಂಡರು. ಆ ಮನೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದವರು ಉಳಿದ ಮೂವರು ಎಂದು ಎದ್ದು ಹೇಳೋಣ ಎನ್ನಿಸಿತು. ಹೇಳಲಿಲ್ಲ. ನಿಮ್ಮೆದುರು ಬಾಯಿಗೆ ಬೀಗ ಹಾಕಿಕೊಳ್ಳುವುದು ಇನ್ನೂ ಬಿಟ್ಟುಹೋಗಿಲ್ಲ. ಆಮೇಲೆ ಎಲ್ಲರನ್ನೂ ಮತ್ತೆ ಮಲಗಿಸಿ, ಒಬ್ಬೊಬ್ಬರ ಬಳಿಯೂ ಬಂದಿರಿ. ನನ್ನ ಪಕ್ಕ ಕುಳಿತು ಎರಡು ಬೆರಳಿನಿಂದ ನನ್ನ ಹೆಗಲು ಮುಟ್ಟಿ, "ಎಷ್ಟು ಗಟ್ಟಿ ಮಾಡ್ಕೊಂಡಿದೀರಿ ತಾಯಿ. ಯಾರೂ ಹೊಡಿಯಲ್ಲ, ಭುಜ ಬಿಡಿ" ಎಂದಿರಿ. ಅಷ್ಟು ಹತ್ತಿರದಿಂದ ನನ್ನ ಮುಖ ನೋಡಿದಿರಿ. ನಿಮ್ಮ ತಾಯಿಯ ಮೂಗೇ ನನಗೆ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ನೀವು ನಕ್ಕು ಪಕ್ಕದ ಚಾಪೆಗೆ ಹೋದಿರಿ.

ನನಗೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ನನ್ನ ಭುಜ ಸಡಿಲಾಯಿತು, ಅದಕ್ಕೆ. ನೀವು ಹೇಳಿದಂತೆ ಮೇಲಿನ ಹಲ್ಲು ಕೆಳಗಿನದನ್ನು ಮುಟ್ಟದ ಹಾಗೆ ದವಡೆ ಬಿಟ್ಟೆ, ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಹೊರಗೆ ಬಿಟ್ಟೆ, ಎಷ್ಟೋ ವರ್ಷದ ಕತ್ತು ನೋವು ಕರಗಿದಂತಾಯಿತು. ಅಲ್ಲೇ ನಿದ್ದೆ ಬಂದುಬಿಟ್ಟಿತು. ಗೊರಕೆ ಹೊಡೆದೆನಂತೆ, ಪಕ್ಕದ ಚಾಪೆಯವಳು ಹೇಳಿದಳು. ವಿದ್ಯೆ ಸುಳ್ಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ನೀವೊಬ್ಬ ಢೋಂಗಿ ಎಂದು ಬೈದುಕೊಂಡು ಹಗುರಾಗುತ್ತಿದ್ದೆ. ನಿಮಗೆ ನಿಜವಾಗಿಯೂ ಕಲಿಸಲು ಬರುತ್ತದೆ, ನಿಮ್ಮ ಕೈಯಲ್ಲಿ ನಿಜವಾಗಿಯೂ ಗುಣವಿದೆ. ಅದು ನಮ್ಮ ಪಾಲಿಗೆ ಬರಲಿಲ್ಲ, ಅಷ್ಟೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಯಾರನ್ನು ನೋಡಿ ಕಟ್ಟಿದ ಗಾದೆಯೋ.

ಕೊನೆಯ ದಿನ ಪ್ರಶ್ನೆ ಕೇಳಿ ಎಂದಿರಿ. ಎದ್ದು ನಿಂತೆ. "ಮನೆ ಬಿಟ್ಟು ಬಂದವರಿಗೆ ನೆಮ್ಮದಿ ಸಿಕ್ತು, ಸರಿ ಸರ್. ಮನೇಲಿ ಉಳ್ಕೊಂಡವರು ಏನು ಮಾಡ್ಬೇಕು?" ಎಂದೆ. ನನ್ನ ದನಿಯಲ್ಲಾದರೂ ನಿಮಗೆ ಏನಾದರೂ ಕೇಳಿಸೀತು ಎಂಬ ಆಸೆಯಿತ್ತು, ಸುಳ್ಳೇಕೆ ಹೇಳಲಿ. ನೀವು ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಹೇಳಿದಿರಿ: "ಅವರವರ ಉಸಿರು ಅವರವರದು ತಾಯಿ. ಇನ್ನೊಬ್ಬರ ಪರವಾಗಿ ನಾವು ಉಸಿರಾಡೋಕಾಗಲ್ಲ." ಚಪ್ಪಾಳೆ ಬಿತ್ತು. ನಮ್ಮ ಮೇಲಧಿಕಾರಿ ಅದನ್ನು ಫಲಕದ ಮೇಲೆ ಬಣ್ಣದ ಅಕ್ಷರದಲ್ಲಿ ಬರೆಸಿದ್ದಾರೆ, ನಾನು ದಿನಾ ಅದರ ಕೆಳಗೆ ಕುಳಿತು ಫೋನೆತ್ತುತ್ತೇನೆ. ಪಕ್ಕದ ಸೀಟು ಇನ್ನೂ ಖಾಲಿ.

ಮನೆಯಲ್ಲಿ ತಮ್ಮನಿಗೆ ಮಾತ್ರ ಹೇಳಿದೆ. ಅವನು ಈಗ ಲಿಫ್ಟು ರಿಪೇರಿ ಮಾಡುತ್ತಾನೆ, ಕೈಯೆಲ್ಲ ಗ್ರೀಸು. ಕೇಳಿಸಿಕೊಂಡು ಕೈಗೆ ಸೋಪು ತಿಕ್ಕತೊಡಗಿದ. "ಚೆನ್ನಾಗಿದಾರಾ?" ಎಂದ. ಚೆನ್ನಾಗಿದಾರೆ ಎಂದೆ. "ಹಾಗಾದ್ರೆ ಸರಿ ಬಿಡು" ಎಂದು ಕೈ ಒರೆಸಿಕೊಂಡು ಹೊರಗೆ ಹೋದ. ಅವನು ಎಂದೂ ದನಿ ಎತ್ತುವುದಿಲ್ಲ. ಮದುವೆ ಮಾತು ಎತ್ತಿದರೆ, ನನಗೂ ಅಪ್ಪನ ಥರ ಸಿಟ್ಟು ಬಂದರೆ ಏನು ಮಾಡಲಿ ಎನ್ನುತ್ತಾನೆ.

ಅಮ್ಮನ ವಿಷಯ ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ನೀವು ಹೋದಮೇಲೆ ಅವಳು ಬಟ್ಟೆ ತೊಳೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ನಿಂತಳು, ಬಲಗೈ ಮೇಲೆತ್ತಲು ಬಾರದಾಗುವವರೆಗೆ ದುಡಿದಳು. ನಿದ್ದೆ ಎನ್ನುವುದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಗೇಟು ಸದ್ದಾದರೆ ಎದ್ದು ಕೂರುತ್ತಾಳೆ. ಹೆದರಿಕೊಂಡೋ, ಕಾದುಕೊಂಡೋ ನಾನು ಕೇಳಿಲ್ಲ. ಹೋದ ಭಾನುವಾರ ಊಟವಾದ ಮೇಲೆ ಅವಳನ್ನು ಮಲಗಿಸಿ, ಕಲಿತದ್ದನ್ನು ಹೇಳಿಕೊಟ್ಟೆ. ಮುಷ್ಟಿ ಹಿಡಿ, ಬಿಡು. ಹಣೆ ಗಂಟು ಹಾಕು, ಬಿಡು. ನನ್ನ ಬಾಯಲ್ಲಿ ನಿಮ್ಮ ಮಾತುಗಳೇ ಬರುತ್ತಿದ್ದವು. ಅಮ್ಮ ಮೊದಮೊದಲು ನಕ್ಕಳು, "ಬಿಡೋಕೆ ಇಷ್ಟೆಲ್ಲ ಕಲೀಬೇಕೇನೇ" ಎಂದಳು. ಆಮೇಲೆ ಮುಖದ ಗೆರೆಗಳೆಲ್ಲ ಒಂದೊಂದಾಗಿ ಇಳಿದವು. ಸಂಜೆ ದೀಪ ಹಚ್ಚುವವರೆಗೆ ಮಲಗಿದ್ದಳು. ಎದ್ದವಳೇ ಕೇಳಿದಳು: "ಯಾರೇ ಇದನ್ನ ಕಲಿಸಿದ್ದು? ಅಂಥವರ ಜೊತೆ ಬಾಳೋರು ಪುಣ್ಯ ಮಾಡಿರ್ಬೇಕು." ನಾನು ಒಳಗೆ ಹೋಗಿ ಪಾತ್ರೆ ತೊಳೆದೆ. ಆವತ್ತಿನಿಂದ ದಿನಾ ತಾನೇ ಮಾಡಿಕೊಳ್ಳುತ್ತಾಳೆ, ದಿನಾ ಮಲಗುತ್ತಾಳೆ.

ಇಷ್ಟೇ ಸಮಾಚಾರ. ನೀವು ಹಂಚಿದ ಕಾಗದದಲ್ಲಿ ವಿಳಾಸವಿತ್ತು, ಅದಕ್ಕೇ ಕಳಿಸುತ್ತಿದ್ದೇನೆ. ಕ್ಷಮಿಸಿ ಎಂದು ನೀವು ಬರೆಯಬೇಕಾಗಿಲ್ಲ. ಆ ಮಾತನ್ನು ನಾನು ದಿನವಿಡೀ ಹೇಳುವವಳು, ಅದು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂದು ಗೊತ್ತಿದೆ. ತಮ್ಮ ಏನೂ ಹೇಳಿಕಳಿಸಿಲ್ಲ, ಅವನ ಪರವಾಗಿ ನಾನೂ ಏನೂ ಬರೆಯುವುದಿಲ್ಲ. ಮಂಡಿ ನೋಡಿಕೊಳ್ಳಿ. ನಮಸ್ಕಾರ.

ಇಂತಿ,
ನಿಮ್ಮ ಮಗಳು

ವಿ.ಸೂ. (ಸೋಮವಾರ ಬೆಳಿಗ್ಗೆ): ಅಂಚೆಗೆ ಹೊತ್ತಾಯಿತು, ಮುಖ್ಯವಾದದ್ದೇ ಉಳಿದುಹೋಯಿತು. ಅಮ್ಮ ತನ್ನ ನಿದ್ದೆಯ ಸುದ್ದಿಯನ್ನು ಎದುರು ಮನೆಯ ನರ್ಸಮ್ಮನಿಗೆ ಹೇಳಿದ್ದಾಳೆ, ಅವರು ನಮ್ಮ ಕಚೇರಿಗೆ ಫೋನು ಮಾಡಿ ನಿಮ್ಮನ್ನೇ ಗೊತ್ತು ಮಾಡಿದ್ದಾರೆ. ಬರುವ ಶನಿವಾರ ಹೆಂಗಸರ ಸಂಘದಲ್ಲಿ ನೀವು ಕಲಿಸಬೇಕಾಗಿರುವುದು ನಮ್ಮ ಬೀದಿಯವರಿಗೆ. ಮೊದಲು ಹೆಸರು ಕೊಟ್ಟವಳು ಅಮ್ಮ. ಗುರುಗಳಿಗೆ ಕೈ ಮುಗಿದು ಬರಬೇಕು ಎನ್ನುತ್ತಿದ್ದಾಳೆ. ದಯವಿಟ್ಟು ಬರಬೇಡಿ ಅಪ್ಪಾ. ಜ್ವರ ಎನ್ನಿ, ಏನಾದರೂ ಎನ್ನಿ, ಬೇರೆ ಯಾರನ್ನಾದರೂ ಕಳಿಸಿ. ಅವಳಿಗೆ ಈಗಷ್ಟೇ ನಿದ್ದೆ ಬರುತ್ತಿದೆ.