ಹಡಗು ಹತ್ತುವ ವಾಣಿಗೆ

ಹರಿಹರ
12 ನವೆಂಬರ್ 2024

ಪ್ರೀತಿಯ ವಾಣಿ,

ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ ಅಂತ ಬರೆಯಲು ಮನಸ್ಸಾಗುತ್ತಿಲ್ಲ. ನಮ್ಮ ಅಮ್ಮಿ ನಿನ್ನ ರವಿಕೆಯ ಅಳತೆ ತೆಗೆದು ಬಂದು ಎಲ್ಲ ಹೇಳಿದ್ದಾಳೆ. ನೀನು ಹೇಳಿ ಕಳಿಸಿದ ಮೇಲೂ ಇಷ್ಟು ದಿನ ಉತ್ತರ ಬರೆಯಲಿಲ್ಲ, ಬೇಜಾರಾಗಬೇಡ. ಬರೆದದ್ದನ್ನೆಲ್ಲ ಹರಿದು ಹಾಕಿದೆ. ಮೊದಲನೆಯದರಲ್ಲಿ ಬರೀ ಹೋಗಬೇಡ, ಹೋಗಬೇಡ ಎಂದಷ್ಟೇ ಇತ್ತು. ಅದರಿಂದ ನಿನಗೇನು ಉಪಯೋಗ?

ಈ ಪತ್ರ ನಿನ್ನ ಹೊಸ ರವಿಕೆಗಳ ಮಡಿಕೆಯಲ್ಲಿ ಬರುತ್ತದೆ. ಓದಿ, ಮನಸ್ಸಿನಲ್ಲಿಟ್ಟುಕೊಂಡು, ಚೂರು ಮಾಡಿ ನೀರಿಗೆ ಹಾಕಿಬಿಡು. ನಿನ್ನ ಫೋನು ನಿನ್ನ ಗಂಡ ಮಹಾಂತೇಶನ ಕೈಯಲ್ಲೇ ಇರುತ್ತದೆ ಅಂದ ಮೇಲೆ ಅದಕ್ಕೆ ನಾನು ಏನನ್ನೂ ಕಳಿಸುವುದಿಲ್ಲ.

ಅಳತೆ ತೆಗೆಯುವಾಗ ಅಮ್ಮಿ ನಿನ್ನ ತೋಳು ನೋಡಿ, "ಇದೇನವ್ವ, ಹಿಂಗ್ ಕಪ್ಪಾಗೈತೆ?" ಎಂದಳಂತೆ. ನೀನು ಬಾಗಿಲು ತಾಗಿತು ಎಂದೆಯಂತೆ. ಅವಳು ಟೇಪು ಕೆಳಗಿಟ್ಟು ಬಾಗಿಲು ಮುಂದೆ ಮಾಡಿದಳಂತೆ. ಆಮೇಲೆ ನೀನೇ ಬಾಯಿ ಬಿಟ್ಟೆ. ಮದುವೆಯಾದ ದಿನದ ನೆನಪಿಗೆ ಅವನು ಹಡಗಿನ ಟಿಕೆಟ್ ತೆಗೆಸಿದ್ದಾನೆ, ಮುಂಬೈಯಿಂದ ಗೋವಾ, ಮತ್ತೆ ಮುಂಬೈ, ಬಾಲ್ಕನಿ ಇರುವ ರೂಮು. ಟಿಕೆಟ್ ತೋರಿಸಿ, "ಅಲ್ಲಿ ನಿನ್ನ ಅಳು ಕೇಳಾಕ ಯಾರೂ ಇರಲ್ಲ" ಎಂದು ನಕ್ಕನಂತೆ. ತಮಾಷೆಗೆ ಅಂದನೋ ಏನೋ ಎಂದು ನೀನು ಅಮ್ಮಿಯ ಹತ್ತಿರ ಹೇಳಿದ್ದೀಯ. ನನಗೆ ಹಾಗನ್ನಿಸಲಿಲ್ಲ ವಾಣಿ. ಹೊಲಿಗೆ ಮಿಷನ್ನಿನ ಮುಂದೆ ಕೂತವಳು ಎದ್ದು ಹಿತ್ತಿಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ.

ನೀನು ಒಲ್ಲೆ ಅಂದರೆ ಯಾರು ಕೇಳಿದ್ದಾರೆ? ಹಿಂದೊಮ್ಮೆ ಹೊಡೆತ ತಾಳದೆ ಬಾಯಿ ಮಾಡಿದ್ದಕ್ಕೆ, ನಿನಗೇ ಗಾಳಿ ಸೋಕಿದೆ ಎಂದು ಬಿಡಿಸಲು ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಕರೆದುಕೊಂಡು ಹೋದ ಜನ ಅವರು. ನದಿಯಲ್ಲಿ ಮುಳುಗಿ ಎದ್ದು ಒದ್ದೆ ಸೀರೆಯಲ್ಲಿ ಅಜ್ಜಯ್ಯನ ಮುಂದೆ ನಿಂತಾಗ, "ಅಜ್ಜಯ್ಯ, ನನ್ನ ಮೈಯಾಗೆ ಯಾರೂ ಇಲ್ಲ, ನೀನೇ ಹೇಳು" ಎಂದು ಬೇಡಿಕೊಂಡೆ ಅಂದಿದ್ದೆ. ಈಗ ಶಾಮನೂರಿನಲ್ಲಿ ನಿನ್ನಪ್ಪನೂ, "ಗಂಡ ಸಮುದ್ರ ತೋರಿಸ್ತೀನಿ ಅಂದ್ರೆ ಅಳೋ ಹೆಣ್ಣುಮಗಳನ್ನ ನಾ ಎಲ್ಲೂ ನೋಡಿಲ್ಲ" ಎಂದರಂತೆ. ಆದ್ದರಿಂದ ನೀನು ಹೋಗುತ್ತೀಯ ಎಂದೇ ತಿಳಿದು ಬರೆಯುತ್ತೇನೆ. ಹಡಗಿನಲ್ಲಿ ರೂಮುಗಳ ಕೆಲಸ ಮಾಡಿಕೊಂಡಿದ್ದವಳು ನಾನು. ಅಲ್ಲಿ ಸುಖವಾಗಿರುವುದು ಹೇಗೆ ಎಂಬುದೂ ಗೊತ್ತು, ಜೋಪಾನವಾಗಿರುವುದು ಹೇಗೆ ಎಂಬುದೂ ಗೊತ್ತು. ಎರಡನ್ನೂ ಹೇಳುತ್ತೇನೆ. ಸಮುದ್ರ ಚೆಲುವಾಗಿಯೇ ಇರುತ್ತದೆ, ಅದರದೇನು ತಪ್ಪು?

ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಇಸಿದುಕೊಂಡುಬಿಡುತ್ತಾರೆ, ಅವು ರೂಮಿಗೆ ಬರುವುದು ಸಂಜೆಗೆ. ಹಾಗಾಗಿ ಒಂದು ಸೀರೆ, ಮಾತ್ರೆ, ಆಧಾರ್ ಕಾರ್ಡು ಎಲ್ಲ ನಿನ್ನ ಕೈಚೀಲದಲ್ಲೇ ಇರಲಿ. ಆಧಾರನ್ನು ಅವನ ಪಾಕೀಟಿಗೆ ಕೊಡಬೇಡ. ಹತ್ತುವಾಗ ಎಲ್ಲರಿಗೂ ಒಂದೊಂದು ಕಾರ್ಡು ಕೊಡುತ್ತಾರೆ. ರೂಮಿನ ಬೀಗ ತೆಗೆಯುವುದೂ ಅದೇ, ಹಡಗಿನಿಂದ ಇಳಿಯಲು ಬಿಡುವುದೂ ಅದೇ. ಅದರ ದಾರವನ್ನು ಕೊರಳಿಗೆ ಹಾಕಿಕೋ. ಸ್ನಾನಕ್ಕೆ ಹೋದರೂ ತೆಗೆಯಬೇಡ.

ಮೊದಲ ದಿನ ಎಲ್ಲರೂ ಮೇಲಿನ ಅಂತಸ್ತಿನ ಬಫೆಗೆ ನುಗ್ಗುತ್ತಾರೆ, ತಟ್ಟೆ ಹಿಡಿದು ನಿಂತೇ ಸುಸ್ತಾಗುತ್ತದೆ. ಕೆಳಗಿನ ಅಂತಸ್ತಿನಲ್ಲಿ ಕೂತು ಉಣ್ಣುವ ಊಟದ ಹಾಲ್ ಆ ಹೊತ್ತಿಗೆ ಖಾಲಿ ಇರುತ್ತದೆ, ಅಲ್ಲಿಗೆ ಹೋಗಿ. ಬಡಿಸುವವರ ಮೇಲಿನವನಿಗೆ ಅವತ್ತೇ, ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ ಎಂದು ಹೇಳಿಬಿಡು. ಮಾರನೆಯ ದಿನದಿಂದ ನಿನಗಾಗಿ ಬೇರೆಯೇ ಮಾಡಿಸುತ್ತಾನೆ. ಹೊಟ್ಟೆ ತೊಳಸಿದರೆ ನಾವು ಕೆಲಸದವರು ಹಸಿರು ಸೇಬು ಕಚ್ಚುತ್ತಿದ್ದೆವು, ಜೊತೆಗೆ ಒಣ ಬಿಸ್ಕತ್ತು. ನಿನ್ನಮ್ಮನ ಹಸಿಶುಂಠಿಯೂ ಆಗುತ್ತದೆ. ಹಡಗಿನ ನಟ್ಟನಡುವೆ, ಕೆಳಗಿನ ಅಂತಸ್ತಿನಲ್ಲಿ ತೂಗಾಟ ಕಡಿಮೆ. ಒಳಗೆ ಏಸಿಯ ಚಳಿ, ಶಾಲು ಬೇಕೇ ಬೇಕು. ಬೆಳಿಗ್ಗೆ ಬೇಗ ಎದ್ದರೆ ಮುಂಭಾಗದ ಡೆಕ್ಕಿನಲ್ಲಿ ನಾಲ್ಕು ಜನ ಇದ್ದರೆ ಹೆಚ್ಚು. ಅಲ್ಲಿ ನಿಂತು ಸೂರ್ಯ ಹುಟ್ಟುವುದನ್ನು ನೋಡು. ಆದರೆ ಆ ನಾಲ್ಕು ಜನ ಇರುವಾಗಲೇ ನಿಲ್ಲು. ಅವರು ಹೊರಟರೆ ನೀನೂ ಹೊರಡು.

ಹಡಗು ಬಿಡುವ ಮುಂಚೆ, ಅಪಾಯ ಬಂದರೆ ಎಲ್ಲಿ ಸೇರಬೇಕು ಎಂದು ತೋರಿಸಲು ಎಲ್ಲರನ್ನೂ ಕರೆಯುತ್ತಾರೆ. ಬೇಸರ ಎಂದು ತಪ್ಪಿಸಬೇಡ. ಅಲ್ಲಿ ನಿನ್ನ ಮುಖ ನಾಲ್ಕು ಜನರ ಕಣ್ಣಿಗೆ ಬೀಳಲಿ. ರೂಮು ಗುಡಿಸುವವರ ಹೆಸರು ಕೇಳಿಕೊಂಡು ಹೆಸರು ಹಿಡಿದೇ ಮಾತಾಡಿಸು. ಪಕ್ಕದ ರೂಮಿನವರಿಗೂ ನಮಸ್ಕಾರ ಹೇಳು. ಬಾಲ್ಕನಿಗಳ ನಡುವೆ ತೆಳ್ಳನೆಯ ತಡಿಕೆ ಅಷ್ಟೇ ಇರುವುದು, ಬಡಿದರೆ ಆ ಕಡೆ ಕೇಳಿಸುತ್ತದೆ. ಅವನು ಬಾಲ್ಕನಿಯಲ್ಲಿದ್ದರೆ ನೀನು ಒಳಗಿರು, ಏನಾದರೂ ನೆಪ ಹೇಳು. ಫೋಟೋ ತೆಗೆಯುತ್ತೇನೆ, ಕಂಬಿಗೆ ಒರಗಿ ನಿಲ್ಲು ಅಂದರೆ ತಲೆ ಸುತ್ತುತ್ತದೆ ಅನ್ನು.

ನಡುಸಮುದ್ರದಲ್ಲಿ ಮೊಬೈಲು ಇದ್ದೂ ಇಲ್ಲದಂತೆ. ಭಯವಾದರೆ ರಿಸೆಪ್ಷನ್ ಕೌಂಟರಿಗೆ ನಡೆದುಬಿಡು, ಅಲ್ಲಿ ಯಾವ ಹೊತ್ತಿನಲ್ಲೂ ಜನ ಇರುತ್ತಾರೆ. ಕನ್ನಡ ಯಾರಿಗೂ ಬರಲಿಕ್ಕಿಲ್ಲ. ಈ ಒಂದು ಮಾತು ಬಾಯಿಪಾಠ ಮಾಡಿಕೋ: "ಐ ಆಮ್ ನಾಟ್ ಸೇಫ್ ಇನ್ ಮೈ ಕ್ಯಾಬಿನ್." ಬೇರೆ ಏನೂ ವಿವರಿಸಬೇಕಿಲ್ಲ. ಆದರೆ ಒಬ್ಬಳೇ ಹೋಗಿ ಹೇಳು. ಅವನು ಪಕ್ಕದಲ್ಲಿರುವಾಗ ಯಾರಾದರೂ ಕೇಳಿದರೆ, ಅವನಿಲ್ಲದ ಕಡೆ ಮಾತಾಡುತ್ತೇನೆ ಎಂದು ಹಟ ಹಿಡಿ. ಇದೊಂದನ್ನು ಮರೆಯಬೇಡ.

ಗೋವಾದಲ್ಲಿ ಇಳಿಯುವಂತಾದರೆ ವಾಸ್ಕೋದಲ್ಲಿ ನನ್ನ ಖಾಲಾ ಇದ್ದಾಳೆ, ಅಮ್ಮಿಯ ತಂಗಿ ಜೈನಾಬಿ. ಅವಳಿಗೆ ಹೇಳಿಟ್ಟಿದ್ದೇನೆ. ಹಡಗು ಬರುವ ದಿನ ಬಂದರಿನ ಗೇಟಿನಲ್ಲಿ ನಿಂತಿರುತ್ತಾಳೆ. ನೀನು ಬಾರದೆ ಇದ್ದರೂ ನಿಂತಿರುತ್ತಾಳೆ.

ದೇವರು ನಿನ್ನ ಬೆನ್ನಿಗಿರಲಿ. ನಿನ್ನ ಶಿವನನ್ನೂ ನನ್ನ ಅಲ್ಲಾಹನನ್ನೂ ಇಬ್ಬರನ್ನೂ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ
ಆಮ್ನಾ


ಹರಿಹರ
3 ಜನವರಿ 2025

ಪ್ರೀತಿಯ ವಾಣಿ,

ಹುಬ್ಬಳ್ಳಿಯ ಹಾಸ್ಟೆಲಿನ ಊಟ ಒಗ್ಗಿತೇ? ಜೈನಾಬಿ ಖಾಲಾ ನಿನ್ನನ್ನು ಅಲ್ಲಿಗೆ ಬಿಟ್ಟು ಬಂದ ಮೇಲೆ ಒಂದು ಪತ್ರವನ್ನೂ ಬರೆದಿರಲಿಲ್ಲ, ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ಅಂಗಡಿಯಲ್ಲಿ ಸದಾ ಜನ. ಈಗಂತೂ ಯಾರು ಯಾರ ಕಡೆಯವರು ಎಂದೇ ತಿಳಿಯುವುದಿಲ್ಲ.

ಮುಖ್ಯ ಸುದ್ದಿ ಮೊದಲು ಹೇಳುತ್ತೇನೆ. ನಿನ್ನಮ್ಮ ಬಂದಿದ್ದರು. ನಿರ್ಮಲಮ್ಮನವರು ಒಬ್ಬರೇ ಶಾಮನೂರಿನಿಂದ ಬಸ್ಸು ಹತ್ತಿ ಹರಿಹರಕ್ಕೆ ಬಂದರೆಂದರೆ ನಂಬುತ್ತೀಯ? ಅಮ್ಮಿ "ಬರ್ರಿ, ಕೂಡ್ರಿ" ಎಂದು ಸ್ಟೂಲು ಎಳೆದಳು. ಅವರು ಕೂರಲಿಲ್ಲ.

"ಆಮ್ನಾ, ಹಡಗಿನಾಗೆ ಏನಾತು? ನಮ್ಮ ಮನೇಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನೀ ಎಲ್ಲಾ ಹೇಳು, ನಂಗೆ ನೋವಾಗ್ತೈತೆ ಅಂತ ಬಿಡಬ್ಯಾಡ" ಎಂದರು.

ನೀನು ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದನ್ನು ಕೂಡಿಸಿ ಹೇಳಿದೆ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದು. ಮೊದಲ ದಿನ ಎಲ್ಲ ಸರಿಯಿತ್ತು, ನೀನು ಕೆಳಗಿನ ಊಟದ ಹಾಲ್‌ನಲ್ಲಿ ಕೂತು ಉಂಡೆ, ಪಕ್ಕದ ರೂಮಿನ ಮರಾಠಿ ಹೆಂಗಸಿಗೆ ನಮಸ್ಕಾರ ಹೇಳಿದೆ ಎಂದೆ. ಮಾರನೆಯ ಮಧ್ಯಾಹ್ನ ಸುತ್ತ ನೀರು ಬಿಟ್ಟರೆ ಏನೂ ಇರಲಿಲ್ಲ. ಅವನು ನಿದ್ದೆ ಹೋಗಿದ್ದಾನೆಂದು ತಿಳಿದು, ಒಣಗಲು ಹಾಕಿದ್ದ ಟವೆಲ್ ತರಲು ನೀನು ಬಾಲ್ಕನಿಗೆ ಕಾಲಿಟ್ಟೆ. ಹಿಂದಿನಿಂದ ಗಾಜಿನ ಬಾಗಿಲು ಸರಿದು ಚಿಲಕ ಬಿತ್ತು. ಪರದೆಯನ್ನೂ ಎಳೆದ. ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಹಡಗು ಒಂದು ಕಡೆಗೆ ವಾಲಿದಾಗಲೆಲ್ಲ ಕೆಳಗಿನ ನೀರು ಕಾಣುತ್ತಿತ್ತು. ನೀನು ಕುರ್ಚಿಯ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟೆ.

ನಿನ್ನಮ್ಮ ನಮ್ಮ ಮಿಷನ್ನಿನ ಮೇಜು ಹಿಡಿದುಕೊಂಡರು. "ಮುಂದ?" ಎಂದರು.

ಬಹಳ ಹೊತ್ತಾದ ಮೇಲೆ ಅವನೇ ಬಾಗಿಲು ತೆಗೆದು ಹೊರಗೆ ಬಂದ. ನಿನ್ನ ರೆಟ್ಟೆ ಹಿಡಿದು ಎಬ್ಬಿಸಿ ಕಂಬಿಯ ಹತ್ತಿರ ನಿಲ್ಲಿಸಿ, ಕುತ್ತಿಗೆಯ ಹಿಂದೆ ಕೈಯಿಟ್ಟು, "ಇಲ್ಲಿಂದ ಬಿದ್ರೆ ಕಾಲು ಜಾರಿತು ಅಂತಾರೆ ಅಷ್ಟೇ" ಎಂದ. ಮೆಲ್ಲಗೆ, ದಾರಿ ಹೇಳುವವನ ಹಾಗೆ ಹೇಳಿದ ಎಂದೆಯಲ್ಲ, ಆ ಮಾತು ನನ್ನ ಕಿವಿಯಲ್ಲೇ ಉಳಿದಿದೆ. ನೀನು ಕೈ ಚಾಚಿ ತಡಿಕೆ ಬಡಿದೆ. ಬಡಿಯುತ್ತಲೇ ಇದ್ದೆ. ಮರಾಠಿ ಹೆಂಗಸು ಆ ಕಡೆಯಿಂದ ಕತ್ತು ಚಾಚಿ ನೋಡಿದರು. ಅವನು ಕೈ ತೆಗೆದು ನಕ್ಕ. ಆಕೆ ನಗಲಿಲ್ಲ. ನೇರ ನಿಮ್ಮ ಬಾಗಿಲಿಗೆ ಬಂದು ಬಡಿದರು. ಅವನು ಬಾಗಿಲು ತೆಗೆಯುತ್ತಿದ್ದಂತೆ ನೀನು ಬರಿಗಾಲಲ್ಲಿ ಅವನ ಪಕ್ಕದಿಂದ ನುಗ್ಗಿ ಹೊರಗೆ ಬಂದೆ.

ರಿಸೆಪ್ಷನ್ ಕೌಂಟರಿನ ಹುಡುಗಿ ನಿನ್ನ ಆ ಒಂದು ಮಾತು ಕೇಳಿದ್ದೇ ತಡ, ಒಳಗಿನ ಕೋಣೆಗೆ ಕರೆದುಕೊಂಡಳು. ಅವನು ಹಿಂದೆಯೇ ಬಂದು, ಇವಳಿಗೆ ತಲೆ ಸರಿಯಿಲ್ಲ, ಊರಿನಲ್ಲಿ ದೇವರಿಗೂ ತೋರಿಸಿದ್ದೇವೆ ಎಂದ. ಅಧಿಕಾರಿ ಅವನನ್ನು ಹೊರಗೇ ನಿಲ್ಲಿಸಿ ನಿನ್ನನ್ನೊಬ್ಬಳನ್ನೇ ಕೇಳಿದರು. ನೀನು ತೋಳು ತೋರಿಸಿದೆ. ಕೆಳಗೆ ಕಿಟಕಿಯೂ ಇಲ್ಲದ ಪುಟ್ಟ ರೂಮು ಕೊಟ್ಟು, ಬಾಗಿಲಿಗೆ ಕಾವಲು ಹಾಕಿದರು. ಗೋವಾದಲ್ಲಿ ಎಲ್ಲರಿಗಿಂತ ಮೊದಲು ಕೆಲಸಗಾರರ ಬಾಗಿಲಿನಿಂದ ಇಳಿಸಿದರು. ಗೇಟಿನಲ್ಲಿ ಖಾಲಾ ಛತ್ರಿ ಹಿಡಿದು ನಿಂತಿದ್ದಳು.

ಇಷ್ಟು ಕೇಳಿ ನಿನ್ನಮ್ಮ ಅಳಲಿಲ್ಲ. ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು, "ಇದರಾಗೆ ಅವಳ ಮಾರ್ಕ್ಸ್ ಕಾರ್ಡು, ಬಿ.ಎಡ್. ಸರ್ಟಿಫಿಕೇಟು ಎಲ್ಲಾ ಐತೆ. ಅವರಪ್ಪಗೆ ಗೊತ್ತಿಲ್ಲ. ಶಾಲೆಯಾಗೆ ಕೆಲಸ ಹುಡುಕ್ಕೋ ಅನ್ನು" ಎಂದರು. ಹೊರಟವರು ಹೊಸ್ತಿಲಲ್ಲಿ ನಿಂತು, "ಚಪ್ಪಲಿ ಕೊಡಿಸಿದ್ರಾ?" ಎಂದು ಕೇಳಿದರು. ಖಾಲಾ ಅವತ್ತೇ ಕೊಡಿಸಿದಳು ಎಂದೆ. ಅಷ್ಟಕ್ಕೆ ಅವರ ಕಣ್ಣು ತುಂಬಿ ಬಂತು. ಕವರು ಈ ಪತ್ರದ ಜೊತೆಗಿದೆ.

ಇನ್ನೊಂದು ಸುದ್ದಿ ನಿನ್ನಿಂದ ಮುಚ್ಚಿಡಬಾರದು. ಮಹಾಂತೇಶನೂ ಬಂದಿದ್ದ. "ಎಲ್ಲಿ ಅದಾಳೆ?" ಎಂದು ಕೇಳಿದ. ಅಮ್ಮಿ ಮಿಷನ್ ತುಳಿಯುವುದನ್ನು ನಿಲ್ಲಿಸದೆ, "ಅಳತೆ ಕೊಟ್ಟು ಹೋದೋರು ಎಲ್ಲಿ ಹೋಗ್ತಾರಂತ ನಂಗೇನ್ ಗೊತ್ರಿ?" ಎಂದಳು. ಅವನು ಮೇಜಿನ ಮೇಲಿದ್ದ ದೊಡ್ಡ ಕತ್ತರಿ ಎತ್ತಿಕೊಂಡು, ತೆರೆದು, ಮುಚ್ಚಿ, ಇದ್ದಲ್ಲೇ ಇಟ್ಟು ಹೋದ. ಆಮೇಲಿಂದ ಅಮ್ಮಿ ಸಂಜೆಯಾದರೆ ಶಟರನ್ನು ಅರ್ಧ ಇಳಿಸಿಕೊಂಡೇ ಹೊಲಿಯುತ್ತಾಳೆ. ರಸ್ತೆಯ ಆ ಬದಿಗೆ ಬೈಕು ನಿಂತ ಸದ್ದಾದರೆ ನಾನು ಎದ್ದು ದೀಪ ಆರಿಸುತ್ತೇನೆ. ನಾವು ಇಲ್ಲಿನ ಠಾಣೆಗೆ ಹೋಗಿ ಬರೆದುಕೊಟ್ಟಿದ್ದೇವೆ. ನೀನು ಗೋವಾದಲ್ಲಿ ಪೊಲೀಸರಿಗೆ ಕೊಟ್ಟ ದೂರನ್ನು ಯಾರು ಏನೇ ಹೇಳಿದರೂ ವಾಪಸ್ ತೆಗೆಯಬೇಡ. ಕೋರ್ಟಿಗೆ ಕರೆದ ದಿನ ನಾನು ನಿನ್ನ ಪಕ್ಕದಲ್ಲೇ ಇರುತ್ತೇನೆ. ಭಯ ನನಗೂ ಇದೆ. ಇದ್ದರೂ ಬರುತ್ತೇನೆ.

ಚೆನ್ನಾಗಿ ಉಣ್ಣು. ಅಮ್ಮಿ ನಿನಗೆ ದುವಾ ಹೇಳಿದ್ದಾಳೆ, ತೋಳು ತುಂಬಿಕೊಂಡರೆ ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡುತ್ತೇನೆ ಅಂದಿದ್ದಾಳೆ. ನೂರು ಕಾಲ ಬಾಳು.

ನಿನ್ನ
ಆಮ್ನಾ

ಮತ್ತೆ: ಹಡಗಿನ ಕೆಲಸ ಯಾಕೆ ಬಿಟ್ಟೆ ಎಂದು ನೀನು ಮೊನ್ನೆ ಕೇಳಿದಾಗ, ಅಮ್ಮಿಗೆ ಜೊತೆ ಬೇಕಿತ್ತು ಎಂದೆ. ಅದು ನಿಜವಲ್ಲ. ನಾನು ನೋಡಿಕೊಳ್ಳುತ್ತಿದ್ದ ರೂಮೊಂದರಲ್ಲಿ ಗಂಡ ಹೆಂಡತಿ ಇದ್ದರು. ಒಂದು ಬೆಳಿಗ್ಗೆ ಆಕೆ ನನ್ನ ಕೈ ಹಿಡಿದುಕೊಂಡು, ನನಗೆ ಇಲ್ಲಿ ಭಯ ಎಂದಳು. ನಾನು ಓಡಿ ಹೋಗಿ ಮೇಲಿನವರಿಗೆ ತಿಳಿಸಿದೆ. ಅವರು ಬಂದು ಗಂಡನ ಎದುರಿಗೇ ಕೇಳಿದರು. ಆಕೆ ಅವನ ಮುಖ ನೋಡಿ, ಏನೂ ಇಲ್ಲ, ಈ ಹುಡುಗಿಗೆ ನನ್ನ ಮಾತು ಅರ್ಥವಾಗಿಲ್ಲ ಎಂದಳು. ಮರುದಿನ ನಾನು ರೂಮು ಗುಡಿಸಲು ಹೋದಾಗ ಆಕೆ ಇರಲಿಲ್ಲ. ಬೆಳಗಿನ ಗಾಳಿಗೆ ಡೆಕ್ಕಿಗೆ ಹೋಗಿದ್ದಾಳೆ ಎಂದು ಅವನು ಹೇಳಿದ. ಹಾಸಿಗೆಯ ಒಂದು ಬದಿ ನಾನು ಹಿಂದಿನ ಸಂಜೆ ಹಾಸಿಟ್ಟ ಹಾಗೆಯೇ ಇತ್ತು, ದಿಂಬಿನ ಮೇಲೆ ಒಂದು ಸುಕ್ಕೂ ಇರಲಿಲ್ಲ. ಹಡಗನ್ನೆಲ್ಲ ಹುಡುಕಿದರು. ನೀರಿನಲ್ಲೂ ಹುಡುಕಿದರು. ಆಕೆ ಸಿಗಲೇ ಇಲ್ಲ. ಆ ಹಾಸಿಗೆಯನ್ನು ಮುಂದಿನವರಿಗೆಂದು ಮತ್ತೆ ಹಾಸಿದವಳೂ ನಾನೇ.

ನೀನು ಹಡಗಿನಲ್ಲಿದ್ದಷ್ಟು ದಿನವೂ ನನ್ನ ಕಣ್ಣಿಗೆ ಕಟ್ಟಿದ್ದು ಆ ದಿಂಬು. ಈಗಲೂ ಬೆಳಗಾದರೆ ಮೊದಲು ಅದೇ ಕಾಣುತ್ತದೆ. ನನಗೋಸ್ಕರ ಒಂದು ಕೆಲಸ ಮಾಡು ವಾಣಿ. ದಿನಾ ಎದ್ದ ಕೂಡಲೆ ಒಂದು ಮಿಸ್ಡ್ ಕಾಲ್ ಕೊಡು. ಮಾತಾಡುವುದೇನೂ ಬೇಡ.