ಗಿಟಾರಿನೊಳಗಿನ ಬೆಂಕಿಕಡ್ಡಿಗಳು

ಅಪ್ಪಾ,

ಎದುರಿಗೆ ನಿಂತು ಕೇಳಲು ಬಾಯಿ ಬರುತ್ತಿಲ್ಲ. ಅದಕ್ಕೇ ಬರೆದು ನಿಮ್ಮ ಕನ್ನಡಕದ ಡಬ್ಬಿಯ ಕೆಳಗೆ ಇಡುತ್ತಿದ್ದೇನೆ.

ಅಣ್ಣನ ಬಾಸ್ ಗಿಟಾರಿನ ಕತ್ತು ಅಲುಗಾಡುತ್ತಿದೆ. ತೂತುಗಳು ಸವೆದು ಸ್ಕ್ರೂಗಳು ಸುಮ್ಮನೆ ತಿರುಗುತ್ತವೆ, ಹಿಡಿಯುವುದಿಲ್ಲ. ನಾನೇ ಸರಿಮಾಡುತ್ತೇನೆ ಅಂದೆ. "ಎಂ.ಎ. ಮೇಡಂ, ಅದು ಪದ್ಯ ಅಲ್ಲ, ಹುಷಾರು" ಅಂತ ಅಣ್ಣ ನಕ್ಕ.

ಕತ್ತು ಬಿಚ್ಚಿದವಳು ಹಾಗೇ ಕೂತುಬಿಟ್ಟೆ. ತೂತುಗಳಲ್ಲಿ ಆಗಲೇ ಯಾರೋ ಬೆಂಕಿಕಡ್ಡಿ ತುಂಬಿದ್ದರು. ಮದ್ದು ಕತ್ತರಿಸಿ, ತುದಿಯನ್ನು ಓರೆಯಾಗಿ ಹೆರೆದ ಕಡ್ಡಿಗಳು. ನಮ್ಮ ಊಟದ ಮೇಜಿನ ಕಾಲಿನ ಸವೆದ ಸ್ಕ್ರೂ ತೂತಿಗೆ ನೀವು ತುಂಬಿದ್ದಂಥವೇ. "ಆ ದರಿದ್ರ ಗಿಟಾರು ನನ್ನ ಕಣ್ಣಿಗೆ ಬೀಳಬಾರದು" ಎಂದು ಅಣ್ಣನ ಜೊತೆ ಮಾತು ಬಿಟ್ಟವರು ನೀವು!

ಅಂಟು ಮಾತ್ರ ಹಾಕಿರಲಿಲ್ಲ. ವಾಸನೆಗೆ ಸಿಕ್ಕಿಬೀಳುತ್ತೀರಿ ಅಂತಲೇ? ಅದಕ್ಕೇ ಕಡ್ಡಿಗಳು ಮತ್ತೆ ಸಡಿಲವಾಗಿವೆ.

ಈ ಸಲ ಅಂಟು ಹಚ್ಚಿಯೇ ತುಂಬಿದ್ದೇನೆ. ನಾಳೆ ಒಣಗಿದ ಮೇಲೆ ಸ್ಕ್ರೂ ಹಾಕಬೇಕು. ಎಷ್ಟು ಬಿಗಿಯಬೇಕೋ ನನಗೆ ತಿಳಿಯದು. ಒಬ್ಬರು ಕತ್ತು ಹಿಡಿದುಕೊಂಡರೆ ಇನ್ನೊಬ್ಬರು ತಿರುಗಿಸಬೇಕು. ಹಿಡಿದುಕೊಳ್ಳಲು ಅಣ್ಣ ಇರುತ್ತಾನೆ. ನಿಮ್ಮ ಸ್ಕ್ರೂಡ್ರೈವರ್ ತನ್ನಿ.

ನಿಮ್ಮ ಮಗಳು